ಸೆಲ್ ಕೀಳುವ ಮೊದಲು

ಇವತ್ತು ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಒಂದು ಹಳೆಯ ವಿಡಿಯೊ ಗೇಮ್ ಕ್ಯಾಸೆಟ್ ಬಿಚ್ಚಿದೆ. ಕಾದ ಪ್ಲಾಸ್ಟಿಕ್ಕು, ಹಳೆಯ ಬೆಸುಗೆ... ಆ ವಾಸನೆ ಮೂಗಿಗೆ ಬಡಿದದ್ದೇ ಅಂಗಡಿಯವನ ನೆನಪಾಗಿ ಹಲ್ಲು ಕಚ್ಚಿದೆ.

ಶಿರಸಿ ಬಸ್‌ಸ್ಟ್ಯಾಂಡಿನ ಹಿಂದೆ ಅವನ ಕಂಪ್ಯೂಟರ್ ಅಂಗಡಿಯಿತ್ತು. ಗೇಮ್ ಯಂತ್ರ ಕೆಟ್ಟವರ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ, ಆ ಯಂತ್ರದ ಬದಲು ಆಟ ನಡೆಸುವ ಎಮ್ಯುಲೇಟರ್ ಹಾಕಿಕೊಡುತ್ತಿದ್ದ. ಎಮ್ಯುಲೇಟರುಗಳು ಹತ್ತಾರು ಇವೆ. ಅವನು ಎಲ್ಲರಿಗೂ ಹಾಕುತ್ತಿದ್ದದ್ದು ಒಂದೇ. ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ನನ್ನ ಹೆಂಡತಿ ದಿನಾ ಊಟದ ಮೇಲೆ ನಲವತ್ತು ನಿಮಿಷ ಆಡುತ್ತಿದ್ದದ್ದು ಊರು ಕಟ್ಟುವ ಆಟ. ಕೆರೆಯ ಪಕ್ಕ ಒಂದು ಮೈದಾನ ಮಾಡಿ, "ಇದು ನಮ್ಮನೆ ಡ್ರಿಲ್ ಮಾಸ್ತರ್ರಿಗೆ" ಎಂದು ನನ್ನತ್ತ ನೋಡಿ ನಕ್ಕಿದ್ದಳು. ಅವಳು ತೀರಿಕೊಂಡ ವರ್ಷವೇ ಯಂತ್ರವೂ ಕೆಟ್ಟಿತು. ಅವಳ ಊರು ಮಾತ್ರ ಕ್ಯಾಸೆಟ್ಟಿನೊಳಗೆ, ಅಂಗಿಯ ಗುಂಡಿಯಷ್ಟು ಸೆಲ್ಲಿನ ಬಲದಲ್ಲಿ ಉಳಿದಿತ್ತು. ಅದನ್ನು ಅವನ ಅಂಗಡಿಗೆ ಒಯ್ದೆ. "ಹಳೇ ಸೆಲ್ಲು, ಸೋರ್ತು" ಎಂದ ಅಂಗಡಿಯವ, ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ಕಿತ್ತುಬಿಟ್ಟ. ಆಟ ಬಂತು. ಊರು ಬರಲಿಲ್ಲ. ಪರದೆಯ ತುಂಬ ಖಾಲಿ ಬಯಲು...

"ಹಳೇದು ಬೇಕಾಗಿತ್ತಾ? ಮೊದ್ಲೇ ಹೇಳಕ್ಕಾಗಿತ್ತು. ಹೊಸಾ ಊರು ಕಟ್ಟಿ ಮಾಸ್ತರ್ರೆ, ಅದ್ಕೆಂತಾ!"

ಆ 'ಅದ್ಕೆಂತಾ'ವನ್ನು ನಾನು ಕ್ಷಮಿಸಲಿಲ್ಲ.

ಒಂದು ವರ್ಷ, ದಿನಾ ಐದರಿಂದ ಆರರವರೆಗೆ, ಎಲ್ಲ ಎಮ್ಯುಲೇಟರುಗಳನ್ನೂ ಕಲಿತೆ. ಆಮೇಲೆ ಅವನ ಅಂಗಡಿಯ ಎದುರಿನ ಚಹಾ ಹೋಟೆಲಿನಲ್ಲಿ ಹತ್ತರಿಂದ ಹನ್ನೊಂದರವರೆಗೆ ಕೂತೆ. ಅವನಲ್ಲಿಗೆ ಹೊರಟವರನ್ನು ಕರೆದು, ಮೊದಲು ಉಳಿಸಿಟ್ಟ ಆಟ ಇದೆಯೇ ಎಂದು ಕೇಳುತ್ತಿದ್ದೆ. ಆಮೇಲೆ ಯಾವ ಯಂತ್ರ, ಆಡುವುದು ಕಂಪ್ಯೂಟರಿನಲ್ಲೋ ಫೋನಿನಲ್ಲೋ ಎಂದು. ಹಳೆಯ ಫೋನಿಗೆ ಹಗುರದ ಎಮ್ಯುಲೇಟರ್ ಹಾಕಿಕೊಡುತ್ತಿದ್ದೆ. ಉಳಿಸಿಟ್ಟ ಆಟ ಬೇಕೆಂದರೆ ನಿಧಾನದ್ದಾದರೂ ನಿಖರವಾದದ್ದು.

"ಅಜ್ಜಾರ, ಆ ಮನಷ್ಯಾ ಇಷ್ಟೆಲ್ಲಾ ಕೇಳಂಗೇ ಇಲ್ಲ ನೋಡ್ರಿ" ಎಂದ ಕಿರವತ್ತಿಯ ಲಾರಿ ಡ್ರೈವರ್. ಅವತ್ತಿನ ಚಹಾ ಬಹಳ ಸಿಹಿಯಾಗಿತ್ತು.

ಅಂಗಡಿ ಖಾಲಿಯಾಗುತ್ತ ಬಂತು. ಒಂದು ದಿನ ಅವನೇ ರಸ್ತೆ ದಾಟಿ ಬಂದು ನನ್ನೆದುರು ನಿಂತ.

"ಸಿಟ್ಟು ಇನ್ನೂ ಇಳದ್ದಿಲ್ಯ ಮಾಸ್ತರ್ರೆ?"

ಗಡಿಯಾರ ನೋಡಿದೆ. ಹನ್ನೊಂದಾಗಿತ್ತು. ಎದ್ದು ಹೋದೆ. ಅವನು ಬಾಗಿಲು ಮುಚ್ಚಿ ಸಿದ್ದಾಪುರಕ್ಕೆ ಹೋದ. ಹೋದ ವರ್ಷ ಅಲ್ಲೇ ತೀರಿಕೊಂಡನಂತೆ...

ಇವತ್ತಿನ ಕ್ಯಾಸೆಟ್ ತಂದವಳು ಅವನ ಹೆಂಡತಿ. "ಇವ್ರು ಆಡಿದ್ದು ಇದ್ರೊಳಗೆ ಇದ್ದಡ. ಯಾವುದ್ರಲ್ಲಿ ಹಾಕದು ಹೇಳಿ ಗೊತ್ತಿಲ್ಲೆ. ನಿಮ್ಮನ್ನೇ ಕೇಳವು ಅಂದ ಎಲ್ಲರೂ."

ಸೆಲ್ಲು ಕಣ್ಣೆದುರೇ ಇತ್ತು. ಸ್ಕ್ರೂಡ್ರೈವರ್ ಕೈಯಲ್ಲಿತ್ತು. ಒಮ್ಮೆ ಮೀಟಿದರೆ ಸಾಕಿತ್ತು. 'ಅದ್ಕೆಂತಾ' ಎನ್ನುವ ಮಾತೂ ನಾಲಿಗೆಯ ತುದಿಗೆ ಬಂದಿತ್ತು.

ಮೊದಲು ಅವನ ಆಟವನ್ನು ಇಳಿಸಿಕೊಂಡೆ. ಸರಿಯಾಗಿ ಬಂತೇ ಎಂದು ಎರಡು ಸಲ ನೋಡಿದೆ. ಆಮೇಲೆ ಸೆಲ್ ತೆಗೆದು, ನಿಖರವಾದ ಎಮ್ಯುಲೇಟರ್ ಹಾಕಿದೆ. ಪರದೆಯ ಮೇಲೆ ಅವನ ಹೆಸರು ಮೂಡಿತು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇಷ್ಟೇ ಕೆಲಸ" ಎಂದೆ. "ಐದು ನಿಮಿಷ."

ನನ್ನವಳ ಬಯಲು ಈ ಕಂಪ್ಯೂಟರಿನಲ್ಲೇ ಇದೆ. ಅಲ್ಲಿ ನಾನು ಒಂದು ಮನೆಯನ್ನೂ ಕಟ್ಟಿಲ್ಲ.

ಆ ಐದು ನಿಮಿಷವನ್ನು ಅವನ ಎದುರು ಕೂತು ಮಾಡಿ ತೋರಿಸಬೇಕಿತ್ತು. ಸತ್ತು ತಪ್ಪಿಸಿಕೊಂಡ.