ಅಕ್ಬರಿ ಬೇಗಂ ಕೈ ನಡುಗಿದ ದಿನ

ಪಾಂಡವಪುರದ ಸುತ್ತಮುತ್ತ ಹಳೇ ಬೈಕಿನ ಬ್ಯಾಟರಿ ಚಾರ್ಜ್ ಮಾಡುವ ಕಾಯಿಲ್ ಸುಟ್ಟುಹೋದರೆ ಜನ ಅಕ್ಬರಿ ಬೇಗಂ ಮನೆ ಹುಡುಕಿಕೊಂಡು ಬರುತ್ತಾರೆ. ತಾಮ್ರದ ತಂತಿ ಸುತ್ತುವುದನ್ನು ಆಕೆ ಹನ್ನೆರಡನೇ ವಯಸ್ಸಿಗೇ ತಂದೆಯಿಂದ ಕಲಿತಳು. ಈಗ ಐವತ್ತೆರಡು. ಗಂಡ ಅಜ್ಮತ್ ಉಲ್ಲಾ ಲಗೇಜ್ ಆಟೋ ತೆಗೆದುಕೊಂಡು ಹೊರಟಮೇಲೆ ಮನೆ ಮುಂದಿನ ಅಂಗಳವೇ ಆಕೆಯ ವರ್ಕ್‌ಶಾಪು. ಎಂಜಿನ್ನು ಎಷ್ಟು ಜೋರಾಗಿ ಓಡುತ್ತಿದೆಯೆಂದು ಸದ್ದಿನಲ್ಲೇ ತಿಳಿಯುತ್ತಿದ್ದಳು.

ಕಳೆದ ಫೆಬ್ರವರಿಯಲ್ಲಿ ಚಿನಕುರಳಿಯ ನಿಂಗರಾಜು ತೀರಿಹೋದ ಅಪ್ಪನ ಬೈಕನ್ನು ಟೆಂಪೋದಲ್ಲಿ ಹೇರಿಕೊಂಡು ತಂದ. ಆರು ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿ. ಹೊಸ ಬ್ಯಾಟರಿ ಹಾಕಿಸಿದ್ದ, ಇನ್ನೂ ಸ್ಟಾರ್ಟ್ ಮಾಡಿರಲಿಲ್ಲ. ಬ್ಯಾಟರಿ ಚಾರ್ಜ್ ಆಗುತ್ತದೋ ಇಲ್ಲವೋ ನೋಡಬೇಕಿತ್ತು. ಸಂತೆಗೆಂದು ಜೊತೆಗೆ ಬಂದಿದ್ದ ಅವನ ತಾಯಿ ಸೋಮಮ್ಮ ಜಗಲಿಯಲ್ಲಿ ಟೀ ಕುಡಿಯುತ್ತಾ ಕೂತಳು.

ಅಕ್ಬರಿ ಬೈಕಿಗೆ ಡಬಲ್ ಸ್ಟ್ಯಾಂಡ್ ಹಾಕಿಸಿದಳು. ಹಿಂದಿನ ಚಕ್ರ ತಿರುಗಿಸಿ ನ್ಯೂಟ್ರಲ್ ಇದೆಯೆಂದು ಖಾತ್ರಿ ಮಾಡಿಕೊಂಡಳು. ಯಾವಾಗಲೂ ಎಕ್ಸಲೇಟರ್ ಹಿಡಿಯುವವಳು ಆಕೆಯೇ. ಅವತ್ತು ವೋಲ್ಟೇಜ್ ನೋಡುವ ಮೀಟರಿನ ಕ್ಲಿಪ್ಪು ಮುರಿದಿತ್ತು. ಬ್ಯಾಟರಿಗೆ ಎರಡೂ ವೈರನ್ನು ಎರಡು ಕೈಯಲ್ಲಿ ಒತ್ತಿ ಹಿಡಿಯಬೇಕಾಯಿತು. ಗೋಡೆಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು, "ತಮ್ಮಾ, ನೀನೇ ರೇಸ್ ಮಾಡು. ನಿಧಾನಕ್ಕೆ. ಸಾಕು ಅಂದೇಟ್ಗೆ ಬುಟ್‌ಬುಡು" ಎಂದಳು.

ಅವನು ಕಿಕ್ ಹೊಡೆದು ಸ್ಟಾರ್ಟ್ ಮಾಡಿ ಎಕ್ಸಲೇಟರ್ ತಿರುಗಿಸಿದ. ಮೀಟರು ಹದಿಮೂರು ದಾಟಿ ಹದಿನಾಲ್ಕು ವೋಲ್ಟ್ ತೋರಿಸಿತು.

"ಸಾಕು, ಬುಡು!"

ನಿಂಗರಾಜು ಬಿಟ್ಟ. ಎಕ್ಸಲೇಟರ್ ಹಿಂದಕ್ಕೆ ಬರಲಿಲ್ಲ. ತುಕ್ಕು ಹಿಡಿದ ಕೇಬಲ್ ಒಳಗೇ ಕಚ್ಚಿಕೊಂಡಿತ್ತು. ಎಂಜಿನ್ನು ಕಿರುಚತೊಡಗಿತು. ಹದಿನೈದು, ಹದಿನೇಳು. ಹೆಡ್‌ಲೈಟು ಬೆಳ್ಳಗೆ ಉರಿದು ಪಟ್ ಎಂದಿತು.

"ಕೀ ತೆಗಿ!"

ಕೀ ತೆಗೆದ. ಎಂಜಿನ್ನು ನಿಲ್ಲಲಿಲ್ಲ! ಕೈಯಲ್ಲಿದ್ದ ಕೀಯನ್ನೇ ನೋಡುತ್ತಾ ಅವನು ನಿಂತುಬಿಟ್ಟ. ಬೈಕು ಅದುರುತ್ತಾ ಸ್ಟ್ಯಾಂಡಿನ ಮೇಲೇ ಗೋಡೆಯ ಕಡೆ, ಅಕ್ಬರಿಯ ಕಡೆ, ಇಂಚಿಂಚೇ ಸರಿಯತೊಡಗಿತು. ಸ್ಪಾರ್ಕ್ ಪ್ಲಗ್ಗಿನ ವೈರು ಕಿತ್ತರೆ ಎಂಜಿನ್ನು ನಿಲ್ಲುತ್ತದೆಂದು ಆಕೆಗೆ ಗೊತ್ತಿತ್ತು. ಆದರೆ ಕಾಲು ಏಳಲಿಲ್ಲ, ಕೈ ಮೀಟರಿನ ವೈರನ್ನೇ ಹಿಡಿದುಕೊಂಡಿತ್ತು. "ಯಾ ಅಲ್ಲಾ" ಎಂದದ್ದು ಅವಳಿಗೇ ಕೇಳಿಸಲಿಲ್ಲ. ಕಾದ ಸೈಲೆನ್ಸರ್ ಮೊಣಕೈಗೆ ತಾಗಿತು.

ಸೋಮಮ್ಮ ಲೋಟ ಎಸೆದು ಓಡಿಬಂದಳು. ಸೀಟಿನ ಕೆಳಗೆ ಕೈ ತೂರಿಸಿ ಏನನ್ನೋ ಒತ್ತಿದಳು. ಎಂಜಿನ್ನು ಗಪ್ಪೆಂದು ನಿಂತಿತು.

"ಕೀ ಕೆಟ್ಟೋದಾಗ ನಮ್ಮೋರು ಗಾಡಿ ನಿಲ್ಸಕ್ಕೆ ಬೆಲ್ಲಿನ ಸ್ವಿಚ್ಚು ಹಾಕ್ಸಿದ್ರು ಕಣವ್ವ. ಇವ್ನಿಗೆ ಗೊತ್ತಿರ್ನಿಲ್ವ?"

"ನೀನ್ಯಾವತ್ತವ್ವ ಏಳ್ದೆ?" ನಿಂಗರಾಜುವಿನ ತುಟಿ ಬಿಳುಚಿತ್ತು.

ಮೊಣಕೈ ಸುಟ್ಟಿದೆಯೆಂದು ಅಕ್ಬರಿಗೆ ತಿಳಿದದ್ದು ಸೋಮಮ್ಮ ನೀರು ಹೊಯ್ದಾಗಲೇ. ನಲವತ್ತು ವರ್ಷದಲ್ಲಿ ಒಮ್ಮೆಯೂ ನಡುಗದ ಕೈಯ ನಡುಕ ನಿಲ್ಲಲೊಲ್ಲದಾಯಿತು. ನಿಂಗರಾಜು ಕೈ ಮುಗಿದು ತಪ್ಪಾಯ್ತೆಂದಾಗ ತಲೆಯಾಡಿಸಿದಳು.

"ನಿಂದಲ್ಲ ತಪ್ಪು. ನಿಲ್ಸೋದು ಎಂಗೆ ಅಂತ ನೋಡ್ದೆ ಸ್ಟಾರ್ಟ್ ಮಾಡ್ಸ್‌ದೋಳು ನಾನು."

ಎರಡು ದಿನ ಆಕೆ ಬೈಕು ಮುಟ್ಟಲಿಲ್ಲ. ಮೂರನೆಯ ದಿನ ಹೊಸ ಕೇಬಲ್, ವೋಲ್ಟೇಜ್ ಏರದಂತೆ ತಡೆಯುವ ಹೊಸ ರೆಗ್ಯುಲೇಟರ್ ಹಾಕಿದಳು. ಎಂಜಿನ್ನು ಮೆಲ್ಲಗೆ ಓಡುವಾಗಲೇ ಮೂರು ಸಲ ಸ್ವಿಚ್ಚೊತ್ತಿ ನಿಲ್ಲಿಸಿ ನೋಡಿದಳು. ಆಮೇಲೆ ತಾನೇ ಎಕ್ಸಲೇಟರ್ ಹಿಡಿದಳು. ಹದಿನಾಲ್ಕರ ಮೇಲೆ ಎರಡು ಪಾಯಿಂಟು, ಅಲ್ಲೇ ನಿಂತಿತು. ಬೈಕು ಒಯ್ಯಲು ತಾಯಿಯೊಂದಿಗೆ ಮತ್ತೆ ಬಂದಿದ್ದ ನಿಂಗರಾಜು ಆಕೆಯನ್ನು ಹಿಂದೆ ಕೂರಿಸಿಕೊಂಡು ಊರಿಗೆ ಹೋದ.

ಪಕ್ಕದ ಮನೆಯ ಮಿಕ್ಸಿ ಗುಯ್ ಎಂದರೂ ಅಕ್ಬರಿ ಬೇಗಂ ಎಷ್ಟೋ ದಿನ ದಿಗ್ಗನೆ ಎದ್ದು ನಿಲ್ಲುತ್ತಿದ್ದಳು.