ರಂಗನಾಯಕಿ ಮಾಮಿಯ ಬಾಗಿಲಿಗೆ ಹಿಲ್ಡಾ ಇಟ್ಟ ರಂಗೋಲಿ

ಅದು 1999ರ ಡಿಸೆಂಬರ್. ನಾವಾಗ ಪೆರಂಬೂರಿನಲ್ಲಿದ್ದೆವು. ಊರಿಗೆ ಚೆನ್ನೈ ಎಂದು ಹೆಸರಾಗಿ ವರ್ಷಗಳಾಗಿದ್ದರೂ ನಮ್ಮ ಅತ್ತೆಯ ಬಾಯಲ್ಲಿ ಮಾತ್ರ ಅದಿನ್ನೂ ಮದ್ರಾಸೇ. ನಮ್ಮ ಯಜಮಾನರು ರೈಲ್ವೆಯಲ್ಲಿ ಗುಮಾಸ್ತರು. ಅಂಚೆಚೀಟಿ ಕೂಡಿಡುವ ಹುಚ್ಚು ಅವರಿಗೆ. ಆ ಹುಚ್ಚಿನಿಂದಲೇ ನಾರ್ವೆ ದೇಶದ ಹಿಲ್ಡಾ ಎಂಬಾಕೆಯ ಜೊತೆ ಹತ್ತಾರು ವರ್ಷಗಳಿಂದ ಪತ್ರ ವ್ಯವಹಾರವಿತ್ತು. ಶಾಲೆಯೊಂದರ ಲೈಬ್ರರಿಯಲ್ಲಿ ಕೆಲಸಕ್ಕಿದ್ದ ನಲವತ್ತರ ಹೆಂಗಸು. ಹೋಟೆಲಿನಲ್ಲಿದ್ದು ನೋಡಿ ಹೋಗುವುದು ಬೇಡ, ಒಂದು ಮನೆಯಲ್ಲಿದ್ದು ನಿಮ್ಮ ದೇಶ ನೋಡಬೇಕು ಎಂದು ಬರೆದು, ಒಂದು ತಿಂಗಳ ಮಟ್ಟಿಗೆ ನಮ್ಮಲ್ಲಿಗೇ ಬಂದಿಳಿದಳು.

ಅವಳಿಗೆ ನಮ್ಮ ಪದ್ಧತಿಗಳನ್ನೆಲ್ಲ ಕಲಿಸುವ ಜವಾಬ್ದಾರಿಯನ್ನು ಯಾರೂ ಕೊಡದಿದ್ದರೂ ನಾನೇ ತಲೆಯ ಮೇಲೆ ಹಾಕಿಕೊಂಡೆ. ಕೈಯಲ್ಲಿ ಊಟ ಮಾಡುವುದು, ಹೊಸಿಲು ತುಳಿಯದೆ ದಾಟುವುದು, ಎಲ್ಲವನ್ನೂ ನನ್ನ ಬಿ.ಎ. ಇಂಗ್ಲಿಷಿನಲ್ಲಿ ಪಾಠ ಮಾಡಿದ್ದೇ ಮಾಡಿದ್ದು. ಧನುರ್ಮಾಸ ಬೇರೆ. ತಮಿಳರ ಮಾರ್ಗಳಿ ತಿಂಗಳು. ನಮ್ಮ ಬೀದಿಯಲ್ಲಿ ಬೆಳಗಿನ ಜಾವಕ್ಕೇ ಎಲ್ಲ ಬಾಗಿಲ ಮುಂದೆಯೂ ದೊಡ್ಡ ದೊಡ್ಡ ರಂಗೋಲಿ, ನಡುವೆ ಸಗಣಿ ಉಂಡೆಗೆ ಸಿಕ್ಕಿಸಿದ ಕುಂಬಳದ ಹೂವು. ಹಿಲ್ಡಾ ಮೂರೇ ದಿನಕ್ಕೆ ಚುಕ್ಕಿ ಇಡಲು ಕಲಿತಳು. ವಾರಕ್ಕೆ ನಮ್ಮ ಬಾಗಿಲು ಪೂರ್ತಿ ಅವಳದೇ ಆಯಿತು.

ಪಕ್ಕದ ಮನೆ ರಂಗನಾಯಕಿ ಮಾಮಿಯದು. ಶ್ರೀರಂಗದ ಕಡೆಯ ಅಯ್ಯಂಗಾರರು. ಅತ್ತೆಯ ಜೊತೆ ಮೂವತ್ತು ವರ್ಷದ ಒಡನಾಟದಲ್ಲಿ ಮಾಮಿ ಅಷ್ಟಿಷ್ಟು ಕನ್ನಡ ಕಲಿತಿದ್ದರು. ಅವರ ಯಜಮಾನರು ದೇಶಿಕನ್ ಮಾಮ ರಿಟೈರಾದವರು. ಬೆಳಗ್ಗೆ ಪೇಪರು ಹಿಡಿದು ಜಗುಲಿಯ ಮೇಲೆ ಕೂತರೆ ಅವರ ಕಣ್ಣು ಪೇಪರಿಗಿಂತ ಹಿಲ್ಡಾಳ ಚುಕ್ಕಿಗಳ ಮೇಲೇ ಇರುತ್ತಿತ್ತು. ಒಂದು ಚುಕ್ಕಿ ತಪ್ಪಿದರೂ ಅಲ್ಲಿಂದಲೇ ಕೂಗಿ ಹೇಳುತ್ತಿದ್ದರು. ಅವಳನ್ನು "ಕೊಳಂದೆ" ಎನ್ನುತ್ತಿದ್ದರು, ಅಂದರೆ ಮಗು. ನಲವತ್ತರ ಮಗು ಕೂತಲ್ಲಿಂದಲೇ ನಕ್ಕು, ತಪ್ಪಿದ ಚುಕ್ಕಿಯನ್ನು ಒರೆಸಿ ಮತ್ತೆ ಇಡುತ್ತಿತ್ತು.

ಒಂದು ದಿನ ನಾನೂ ಹಿಲ್ಡಾಳೂ ಇಬ್ಬರೂ ಜ್ವರ ಬಂದು ಮಲಗಿಬಿಟ್ಟೆವು. ಎದ್ದು ನೋಡಿದರೆ ನಮ್ಮ ಬಾಗಿಲಿಗೂ ಮಾಮಿಯೇ ರಂಗೋಲಿ ಹಾಕಿದ್ದರು. ಹಾಕದಿದ್ದರೆ ಏನಾಗುತ್ತದೆ ಎಂದು ಹಿಲ್ಡಾ ಕೇಳಿದಳು. ಬಾಗಿಲು ಬರಿದಾಗಿದ್ದರೆ ಆ ಮನೆಯಲ್ಲಿ ಏನೋ ಕೆಟ್ಟದ್ದಾಗಿದೆ ಎಂದು ಬೀದಿಯವರು ತಿಳಿಯುತ್ತಾರೆ, ಹಾಗಾಗಬಾರದೆಂದು ಮಾಮಿ ಹಾಕಿದ್ದಾರೆ ಎಂದೆ. ಅವಳು ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಸಾವಾದ ಮನೆಯಲ್ಲಿ ಬೇಕೆಂದೇ ಹಾಕುವುದಿಲ್ಲ ಎಂಬ ಇನ್ನರ್ಧವನ್ನು ನಾನು ಹೇಳಲಿಲ್ಲ. ಜ್ವರದ ಬಾಯಿಗೆ ಅಷ್ಟು ಸಾಕೆನಿಸಿತ್ತು.

ಮುಂದಿನ ವಾರ ಹಿಲ್ಡಾ ಎರಡು ದಿನದ ಮಟ್ಟಿಗೆ ಕಂಚಿಗೆ ಹೋದಳು. ಅವಳು ಹೋದ ಮರುದಿನ ಬೆಳಗ್ಗೆ ದೇಶಿಕನ್ ಮಾಮನಿಗೆ ಎದೆನೋವು ಬಂತು. ಆಟೋ ತರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಹತ್ತಿರದವರೆಲ್ಲ ಬಂದು ಮಧ್ಯಾಹ್ನಕ್ಕೇ ಸಂಸ್ಕಾರವೂ ಆಯಿತು. ಸಂಜೆ ಹಿಲ್ಡಾ ಬಿಸಿಲಿಗೆ ಕೆಂಪಾದ ಮುಖ, ಚೀಲದ ತುಂಬ ಪ್ರಸಾದದ ಪೊಟ್ಟಣಗಳನ್ನು ಹೊತ್ತು ಬಂದಳು. ಒಂದು ಪೊಟ್ಟಣ ಮಾಮನಿಗೆಂದು ಬೇರೆ ಇಟ್ಟಿದ್ದಳು. ಪಕ್ಕದ ಮನೆಯ ಬಾಗಿಲು ಆಗ ಮುಚ್ಚಿತ್ತು, ಅವಳಿಗೆ ಏನೂ ತಿಳಿದಿರಲಿಲ್ಲ.

ನಾನು ಅತ್ತೆಯ ಮುಖ ನೋಡಿದೆ. "ಈಗ ಹೇಳ್ಬೇಡ ಸುಧಾ, ಪಾವಂ, ಸುಸ್ತಾಗಿ ಬಂದಿದಾಳೆ. ನಾಳೆ ಹೇಳಿದ್ರಾಯ್ತು" ಎಂದರು ಅತ್ತೆ. ನಿಜ ಹೇಳಬೇಕೆಂದರೆ ನನಗೂ ಅದೇ ಬೇಕಾಗಿತ್ತು. ಅವಳನ್ನು ಸಾವಿನ ಮನೆಗೆ ಕರೆದುಕೊಂಡು ಹೋದರೆ ಆ ಮಡಿವಂತರು ಏನೆನ್ನುತ್ತಾರೋ, ಇವಳು ಏನು ಮಾಡಿ ನನ್ನ ಮಾನ ಕಳೆಯುತ್ತಾಳೋ ಎಂಬ ಭಯ. ಪೊಟ್ಟಣ ನಾಳೆ ಕೊಡೋಣ ಎಂದು ಸುಳ್ಳು ನಗು ನಕ್ಕು ಅವಳನ್ನು ಬೇಗ ಮಲಗಿಸಿದೆ.

ಬೆಳಗ್ಗೆ ಐದೂವರೆಗೆ ಹಾಲಿಗೆಂದು ಬಾಗಿಲು ತೆಗೆದೆ. ನಮ್ಮ ಬಾಗಿಲಿಗೆ ಚಿಕ್ಕದೊಂದು ರಂಗೋಲಿ. ಪಕ್ಕಕ್ಕೆ ಕಣ್ಣು ಹಾಯಿಸಿದೆ. ಹೆಣ ಹೋಗಿ ಒಂದು ರಾತ್ರಿಯೂ ಸರಿಯಾಗಿ ಕಳೆಯದ ಆ ಮನೆಯ ಮುಂದೆ, ಬೀದಿಯಲ್ಲೇ ದೊಡ್ಡದಾದ ರಂಗೋಲಿ. ಸುತ್ತ ಹಬ್ಬಕ್ಕೆ ಹಾಕುವ ಕೆಮ್ಮಣ್ಣಿನ ಅಂಚು. ನಡುವೆ ಐದು ಕುಂಬಳದ ಹೂವು. ಹಿಲ್ಡಾ ಕೊನೆಯ ಎಳೆ ಎಳೆದು, ಸೊಂಟದ ಮೇಲೆ ಕೈಯಿಟ್ಟು ನಿಂತು ಮೆಚ್ಚಿಕೊಳ್ಳುತ್ತಿದ್ದಳು. "ಅವರ ಬಾಗಿಲು ಬರಿದಾಗಿತ್ತು. ಯಾರಾದರೂ ಕೆಟ್ಟದ್ದು ತಿಳಿಯುವ ಮುಂಚೆ ನಾನು ಹಾಕಿಬಿಟ್ಟೆ" ಎಂದಳು ಪಿಸುಮಾತಿನಲ್ಲಿ.

ನಾನು ಒಳಗೆ ಓಡಿ ಬಕೆಟ್ಟಿನಲ್ಲಿ ನೀರು ತಂದೆ. ಯಾರೂ ಏಳುವ ಮೊದಲು ತೊಳೆದುಬಿಟ್ಟರೆ ಮೂವತ್ತು ವರ್ಷದ ನೆರೆ ಉಳಿಯುತ್ತದೆ ಎಂಬುದೊಂದೇ ತಲೆಯಲ್ಲಿದ್ದದ್ದು. ಬಕೆಟ್ ಎತ್ತಬೇಕು, ಅಷ್ಟರಲ್ಲಿ ಆ ಮನೆಯ ಬಾಗಿಲು ತೆರೆಯಿತು. ಮಾಮನ ತಮ್ಮ. ಆತ ನೆಲ ನೋಡಿದರು, ಬಕೆಟ್ ಹಿಡಿದ ನನ್ನನ್ನು ನೋಡಿದರು. ಅಣ್ಣ ಹೋದ ಮನೆಗೆ ಹಬ್ಬ ಮಾಡುತ್ತಿದ್ದೀರಾ ಎಂದು ತಮಿಳಿನಲ್ಲಿ ಶುರುವಾದ ಬೈಗುಳಕ್ಕೆ ಬೀದಿಯ ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ನಾನು ಹಾಕಿದ್ದಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಮಾಮಿ ಹೊಸಿಲ ಒಳಗೆ ಬಂದು ನಿಂತರು. ಒಂದೇ ದಿನದಲ್ಲಿ ಅರ್ಧ ಇಳಿದುಹೋಗಿದ್ದರು. ಮೈದುನನಿಗೆ ಸುಮ್ಮನಿರಲು ಸನ್ನೆ ಮಾಡಿ ರಂಗೋಲಿಯನ್ನು ಬಹಳ ಹೊತ್ತು ನೋಡಿದರು. ಹಿಲ್ಡಾ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಖಾಲಿ ಜಗುಲಿ ನೋಡಿದಳು. ಯಾರೂ ಹೇಳುವ ಮೊದಲೇ ಅವಳಿಗೆ ಗೊತ್ತಾಗಿಹೋಯಿತು. "ಮಾಮ?" ಎಂದಳು ನನ್ನನ್ನು. ನಾನು ತಲೆಯಾಡಿಸಿದೆ. ಕೆಮ್ಮಣ್ಣಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಡುಬೀದಿಯಲ್ಲಿ ಕುಸಿದು ಕೂತಳು.

ಮಾಮಿ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದರು.

"ಅವಳಿಗೆ ತೆರಿಯಾದು, ಸರಿ. ನಿನಗೆ ಗೊತ್ತಿತ್ತಲ್ಲ ಸುಧಾ. ನೆನ್ನೆ ಕಾಲೈಲೆ, ಬೆಳಗ್ಗೆ ಕೂಡ ಕೊಳಂದೆ ಊರಿಂದ ಬಂದಾಳಾ ಅಂತ ಕೇಳಿದಾರು ಅವರು. ನೀನು ಅವಳಿಗೆ ಹೇಳಲೇ ಇಲ್ಲವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪು ಮಾಡಿದವಳು ಹಿಲ್ಡಾ, ನಾನು ಅದನ್ನು ಮುಚ್ಚಲು ಬಂದವಳು ಎಂದುಕೊಂಡೇ ನಾನು ಬಕೆಟ್ ಹಿಡಿದು ನಿಂತಿದ್ದೆ. ತಿಂಡಿ, ಸೀರೆ, ಹಬ್ಬ, ದೇವಸ್ಥಾನ ಎಲ್ಲ ತೋರಿಸಿದ ನಾನು, ಅವಳನ್ನು ಮಗು ಎಂದು ಕರೆದವರಿಗಾಗಿ ಅಳುವ ಹೊತ್ತಿಗೆ ಹೊರಗಿನವಳೆಂದು ಕೋಣೆಯಲ್ಲಿ ಮಲಗಿಸಿದ್ದೆ.

ಹಿಲ್ಡಾ ಎದ್ದು ನನ್ನ ಕೈಯಿಂದ ಬಕೆಟ್ ತೆಗೆದುಕೊಂಡಳು. ನೀರು ಸುರಿಯಲಿಲ್ಲ. ಮೊಣಕಾಲೂರಿ, ಅಂಗೈಯಲ್ಲಿ ನೀರು ತೆಗೆದು ಒಂದೊಂದೇ ಎಳೆಯನ್ನು ಒರೆಸಿದಳು. ಮುಗಿಯುವವರೆಗೂ ಮಾಮಿ ಹೊಸಿಲಲ್ಲೇ ನಿಂತಿದ್ದರು. ಆಮೇಲೆ ಅವಳು ಎಷ್ಟು ದಿನ ಇರುತ್ತಾಳೆ ಎಂದು ಕೇಳಿದರು. ಮಧುರೆಗೆ ಹೋಗುವ ಟಿಕೆಟ್ ಅವಳ ಚೀಲದಲ್ಲಿತ್ತು. ಇಲ್ಲೇ ಇರುತ್ತೇನೆ ಎಂದಳು.

ಹದಿಮೂರನೆಯ ದಿನ, ಸೂತಕ ಕಳೆದ ಶುಭದ ದಿನ. ಆ ಮನೆಯ ಬಾಗಿಲಿಗೆ ಮತ್ತೆ ರಂಗೋಲಿ ಬೀಳಬೇಕು. ಮೈದುನ ಗೊಣಗಿದರೂ ಕೇಳದೆ ಮಾಮಿ ಹಿಲ್ಡಾಳನ್ನೇ ಕರೆಸಿದರು. ಅವಳು ಚುಕ್ಕಿ ಇಡುತ್ತಾ ಇಡುತ್ತಾ ನಡುನಡುವೆ ನಿಲ್ಲಿಸಿ ಜಗುಲಿಯ ಕಡೆ ನೋಡುತ್ತಿದ್ದಳು.

ಆಮೇಲೆ ನಮ್ಮ ಮನೆಗೆ ಎಷ್ಟೋ ನೆಂಟರು ಬಂದುಹೋಗಿದ್ದಾರೆ. ಕೆಟ್ಟ ಸುದ್ದಿಯಿದ್ದರೆ ಕಾಫಿ ಕೊಡುವ ಮೊದಲೇ ಹೇಳಿಬಿಡುತ್ತೇನೆ. ಒರಟು ಹೆಂಗಸು ಎನ್ನುವವರು ಎನ್ನಲಿ. ಹಿಲ್ಡಾಳ ಪತ್ರ ಮಾತ್ರ ಪ್ರತಿ ಡಿಸೆಂಬರಿಗೆ ತಪ್ಪದೆ ಬರುತ್ತದೆ. ಅದರಲ್ಲಿ ನಮ್ಮ ಆರೋಗ್ಯ ಕೇಳುವುದು ಎರಡನೆಯ ಸಾಲಿನಲ್ಲಿ. ಮೊದಲನೆಯ ಸಾಲಿನಲ್ಲಿ, ನಮ್ಮ ಬೀದಿಯ ಎಲ್ಲ ಬಾಗಿಲಿಗೂ ಈ ಬೆಳಗ್ಗೆ ರಂಗೋಲಿ ಇದೆಯಾ ಎಂದು ಕೇಳಿರುತ್ತಾಳೆ.