ಬಬಲೇಶ್ವರದಿಂದ ಹೊರಟ ಹುಡುಗಿ

ನಗು ಬರುವ ಮೊದಲು ಮಾಸ್ತರರ ಕಿವಿ ಕೆಂಪಾಗುತ್ತಿದ್ದವು. ಮುಖ ಗಂಭೀರವಾಗಿಯೇ ಇರುತ್ತಿತ್ತು. ಓದುತ್ತಿರುವ ಪುಟದಲ್ಲಿ ಮುಂದೆ ತಮಾಷೆ ಇದೆಯೆಂದು ಕಿವಿ ನೋಡಿಯೇ ನನಗೆ ಗೊತ್ತಾಗುತ್ತಿತ್ತು.

ವಿಜಾಪುರದ ಅಥಣಿ ರಸ್ತೆಯಲ್ಲಿ ನಮ್ಮ ಪಕ್ಕದ ಮನೆಗೆ ಅವರು ಬಂದು ಬಹಳ ದಿನವಾಗಿರಲಿಲ್ಲ. ದಿನಾ ಬಸ್ಸಿನಲ್ಲಿ ಅದೇ ರಸ್ತೆಯ ತಿಕೋಟಾಕ್ಕೆ ಹೋಗಿ ಗಣಿತ ಕಲಿಸಿ ಬರುತ್ತಿದ್ದರು; ಸಂಜೆ ಕಟ್ಟೆಯ ಮೇಲೆ ಕೂತು ಕಾದಂಬರಿ ಬರೆಯುತ್ತಿದ್ದರು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದ ನಾನು ರಜೆಗೆ ಬಂದಾಗ ಅದನ್ನು ನನಗೆ ಓದಿ ಹೇಳುತ್ತಿದ್ದರು. ಅವರ ಹೆಂಡತಿ, ನಮ್ಮ ಕಾಕೂ, ಒಳಗೆ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದರು.

ಕಾದಂಬರಿಯಲ್ಲಿ ಎರಡು ಕಥೆ. ಒಂದರಲ್ಲಿ ಗೋಲಗುಮ್ಮಟದ ಪ್ರತಿಧ್ವನಿ, ಮಂದಿ ಕೂಗಿದ್ದನ್ನೆಲ್ಲ ಏಳೇಳು ಸಲ ಹೇಳಿ ಬೇಸತ್ತು, ಧೋತರ ಉಟ್ಟು ಮನುಷ್ಯನಾಗಿ ಊರು ಬಿಡುತ್ತದೆ. ರೂಢಿ ಮಾತ್ರ ಬಿಡುವುದಿಲ್ಲ. ತಿಕೋಟಾದ ಹೋಟೆಲಿನಲ್ಲಿ "ಒಂದ್ ಚಾ" ಅಂದರೆ ಏಳು ಕಪ್ಪು ಬರುತ್ತವೆ; ಸಂಕೋಚದ ಮನುಷ್ಯ, ಎಲ್ಲವನ್ನೂ ಕುಡಿಯುತ್ತಾನೆ. ಕನಮಡಿಗೆ ಹೆಣ್ಣು ನೋಡಲು ಹೋದಾಗ "ಹೂಂ" ಅಂದದ್ದು ಏಳು ಸಲ ಆಗಿ, ಹುಡುಗಿಯ ಅಪ್ಪ "ಇಷ್ಟ್ ಅವಸರ ಇದ್ದಾಂವಗ ನಾ ಕೊಡೂದಿಲ್ಲ" ಎಂದು ಎದ್ದುಬಿಡುತ್ತಾನೆ. ನಕ್ಕು ನಕ್ಕು ಕಾಕೂ ರೊಟ್ಟಿ ಹೊತ್ತಿಸುತ್ತಿದ್ದರು.

ಇನ್ನೊಂದು ಕಥೆ ಸಪ್ಪೆ. ಗುಮ್ಮಟದೊಳಗೆ ಒಮ್ಮೆ ಕೂಗಬೇಕೆಂದು ಪುಟ್ಟ ಹುಡುಗಿಯೊಬ್ಬಳು ಬಬಲೇಶ್ವರದಿಂದ ನಡೆದು ಹೊರಡುತ್ತಾಳೆ. ದಾರಿಯಲ್ಲಿ ಏನೂ ಆಗುವುದಿಲ್ಲ. ಬಾಯಾರಿದರೆ ಯಾರೋ ನೀರು ಕೊಡುತ್ತಾರೆ. ಹಾವು ತಾನೇ ಸರಿದು ದಾರಿ ಬಿಡುತ್ತದೆ. ಬಿಸಿಲೇರಿದರೆ ಮೋಡವೊಂದು ಅವಳ ತಲೆಯ ಮೇಲೆಯೇ ನಡೆಯುತ್ತದೆ.

"ವಿಜಾಪುರಕ್ಕ ನೇರ ರಸ್ತಾ ಐತೆಲ್ರಿ ಸರ್, ಆಕಿ ತಿಕೋಟಾ ಸುತ್ತಿ ಯಾಕ ಬರ್ತಾಳ್ರಿ?" ಎಂದು ಕೇಳಿದ್ದೆ.

"ಬರ್ಲಿ ಬಿಡ ಯವ್ವಾ. ಆಕಿಗೇನ ಗಡಿಬಿಡಿ ಐತಿ?"

ಆ ಭಾಗ ಓದಿ ಮುಗಿಸಿದಾಗ ಕಾಕೂ ಒಳಗಿನಿಂದ ಪ್ರತಿ ಸಲ ಒಂದೇ ಮಾತು ಕೇಳುತ್ತಿದ್ದರು: "ಎಲ್ಲೀತನಕ ಬಂದಾಳ್ರಿ?"

ಪುಸ್ತಕ ಅಚ್ಚಾಗಬೇಕೆಂದು ಮಾಸ್ತರರಿಗೆ ಬಹಳ ಆಸೆಯಿತ್ತು. ಬರೆದಷ್ಟನ್ನು ನಾನು ಧಾರವಾಡದ ಒಬ್ಬ ಪ್ರಕಾಶಕರಿಗೆ ತೋರಿಸಿದೆ. ಏಳು ಚಹಾಕ್ಕೆ ಅವರು ಮೇಜು ಬಡಿದು ನಕ್ಕರು. ಹುಡುಗಿಯ ಪುಟಗಳಿಗೆ ಆಕಳಿಸಿದರು. "ಆ ಹುಡುಗಿನ್ನ ತಗದ್ರ ನಾಳೆನ ಅಚ್ಚಿಗೆ ಹಾಕ್ತೀನಿ. ಇಲ್ಲಾ, ಆಕಿಗೇನರ ಆಗ್ಲಿ."

ಅದನ್ನು ಮಾಸ್ತರರಿಗೆ ತಿಳಿಸಿದೆ. ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಚು ಸರಿಮಾಡಿದರು.

"ಅವ್ರು ಹೇಳೂದು ಖರೇ ಐತಿ ಯವ್ವಾ. ಆದ್ರ ಪ್ರತಿಧ್ವನಿ ಕಥಿ ಮಂದಿಗೆ ಬರದದ್ದು. ಇದು ಮನಿಗೆ. ಇದರಾಗ ಆಕಿಗೇನೂ ಆಗೂದಿಲ್ಲ."

ಅಂದು ಅವ್ವ ನನಗೆ ಹೇಳಿದಳು. ಬಬಲೇಶ್ವರದ ಶಾಲೆಯಲ್ಲಿದ್ದಾಗ ಅವರಿಗೊಬ್ಬ ಮಗಳಿದ್ದಳು. ಗುಮ್ಮಟದಲ್ಲಿ ಕೂಗಬೇಕೆಂದು ಹಟ ಹಿಡಿದಿದ್ದಳಂತೆ. ಪರೀಕ್ಷೆ ಮುಗಿಯಲಿ, ಕರೆದೊಯ್ಯುತ್ತೇನೆ ಎಂದಿದ್ದರು ಮಾಸ್ತರರು. ಜ್ವರ ಅದಕ್ಕೂ ಮೊದಲೇ ಬಂತು.

ಪುಸ್ತಕ ಅಚ್ಚಾಗಲಿಲ್ಲ. ಅವರು ಬರೆಯುತ್ತಲೇ ಇದ್ದರು. ಮರುವರ್ಷ ಬೇಸಿಗೆಯಲ್ಲಿ, ತಿಕೋಟಾದ ಬಸ್ಸಿಗೆ ಕಾಯುತ್ತ ಕೂತಲ್ಲೇ ತೀರಿಕೊಂಡರು.

ಈಗ ನಾನು ಕಾಲೇಜಿನಲ್ಲಿ ಕಾದಂಬರಿ ಪಾಠ ಮಾಡುತ್ತೇನೆ. ಒಂದು ಭಾಗವನ್ನು ದುರ್ಬಲ ಎನ್ನುವ ಮೊದಲು ತುಸು ತಡೆಯುವುದನ್ನು ಅವರಿಂದ ಕಲಿತೆ.

ಅವರು ಹೋದ ಮೇಲೆ ಕಾಕೂ ಅವರನ್ನು ಕಾಣಲು ಹೋದಾಗ ಕೊನೆಯ ಹಾಳೆ ನನ್ನ ಕೈಗೆ ಕೊಟ್ಟರು. ಕಾಕೂಗೆ ಓದಲು ಬರುತ್ತಿರಲಿಲ್ಲ.

"ಎಲ್ಲೀತನಕ ಬಂದಾಳ ನೋಡ ಬೇ."

"ಅಥಣಿ ರಸ್ತಾಕ ಬಂದಾಳ್ರಿ ಕಾಕೂ. ಹುಣಸಿಗಿಡದ ಕೆಳಗ ಕುಂತಾಳ. ಗುಮ್ಮಟ ಕಾಣಾಕತ್ತೈತಿ."

"ಮುಂದ?"

"ಇಷ್ಟ ಐತ್ರಿ. ನಾ ಮುಗಸ್ಲೇನ್ರಿ?"

ಕಾಕೂ ಹಾಳೆಯನ್ನು ತಿರುಗಿ ತೆಗೆದುಕೊಂಡು ಸೆರಗಿನಿಂದ ಒರೆಸಿದರು.

"ಬ್ಯಾಡ ಬಿಡ. ಭಾಳ ನಡದಾಳ. ನೆರಳಾಗ ಕೂಡ್ಲಿ."